ಟ್ಯಾಬ್ಲೆಟ್‌ಗೆ ಪ್ರಮಾಣಿತ ಪೋರ್ಟ್: ಆಕಾರವೊಂದೇ ಸಾಲದು

(ಮುಂಬಯಿಯ ಮಾಟುಂಗಾದಲ್ಲಿ ಕನ್ನಡಿಗರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಮಾನ್ಯ ಸಭಿಕರೇ,

ಟ್ಯಾಬ್ಲೆಟ್ ಕಂಪ್ಯೂಟರುಗಳಲ್ಲಿ ಪ್ರಮಾಣಿತ ಪೋರ್ಟ್‌ಗಳು ಕಡ್ಡಾಯವಾಗಿ ಇರಬೇಕೇ ಎಂಬುದು ಇಂದಿನ ವಿಷಯ. ಪೋರ್ಟ್ ಎಂದರೆ ಕೇಬಲ್ ಚುಚ್ಚುವ ಕಿಂಡಿ. ಒಂದು ಕಂಪನಿಯ ಖಾಸಗಿ ಸ್ವತ್ತಾಗಿರದೆ, ಬಹಿರಂಗವಾದ ನಿಯಮಾವಳಿಗೆ ಒಳಪಟ್ಟು, ಯಾರು ತಯಾರಿಸಿದ ಕೇಬಲ್ಲನ್ನಾಗಲಿ ಸಾಧನವನ್ನಾಗಲಿ ಒಪ್ಪಿಕೊಳ್ಳುವ ಪೋರ್ಟನ್ನು ಇಲ್ಲಿ ಪ್ರಮಾಣಿತ ಎಂದು ಕರೆಯುತ್ತಿದ್ದೇನೆ. ಅದು ಇರಲೇಬೇಕು ಎಂಬುದು ನನ್ನ ಉತ್ತರ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಇಂದಿನ ದಿನ ಅಷ್ಟು ಹೇಳಿ ಕುಳಿತುಕೊಳ್ಳುವಂತಿಲ್ಲ. ಈಗ ಎಲ್ಲ ಹೊಸ ಟ್ಯಾಬ್‌ಗಳಲ್ಲಿ ಯುಎಸ್‌ಬಿ ಟೈಪ್-ಸಿ ಬಂದಿದೆಯಲ್ಲ, ಇನ್ನೇನು ತಕರಾರು ಎಂದು ಕೇಳುವವರಿದ್ದಾರೆ. ಕಿಂಡಿಯ ಆಕಾರ ಒಂದೇ ಆಯಿತು ಎಂಬುದು ನಿಜ. ಆ ಕಿಂಡಿಯ ಹಿಂದೆ ನಡೆಯಬೇಕಾದ ಕೆಲಸ ಇನ್ನೂ ಒಂದೇ ಆಗಿಲ್ಲ, ಮತ್ತು ಕೊಳ್ಳುವವನಿಗೆ ಅದು ಅಂಗಡಿಯಲ್ಲಿ ಗೊತ್ತಾಗುವುದಿಲ್ಲ. ನನ್ನ ಕಳಕಳಿ ಇರುವುದು ಇಲ್ಲಿ.

ಈ ಸಭೆಯಲ್ಲಿ ಹೊಟೇಲು ನಡೆಸುವವರು ಇದ್ದೀರಿ, ಲೆಕ್ಕಪರಿಶೋಧಕರಿದ್ದೀರಿ, ಶಾಲಾ ಶಿಕ್ಷಕರಿದ್ದೀರಿ, ಬ್ಯಾಂಕುಗಳಿಂದ ನಿವೃತ್ತರಾದ ಹಿರಿಯರೂ ಬಹಳ ಮಂದಿ ಇದ್ದೀರಿ. ಟ್ಯಾಬ್ಲೆಟ್ಟನ್ನು ಸಿನಿಮಾ ನೋಡಲು, ಪತ್ರಿಕೆ ಓದಲು ಮಾತ್ರ ಬಳಸುವವರಿಗೆ ಪೋರ್ಟಿನ ಕೊರತೆ ಅಷ್ಟಾಗಿ ಕಾಣುವುದಿಲ್ಲ. ಅದನ್ನು ದುಡಿಮೆಗೆ ಹಚ್ಚಿದ ಕ್ಷಣದಿಂದ ಪ್ರಶ್ನೆ ಬದಲಾಗುತ್ತದೆ. ಹೊಟೇಲಿನ ಬಿಲ್ ಪ್ರಿಂಟರ್, ಕಂಪನಿಗಳ ಕಾಗದಪತ್ರಗಳಿಗೆ ಡಿಜಿಟಲ್ ಸಹಿ ಹಾಕಲು ಲೆಕ್ಕಪರಿಶೋಧಕರು ಬಳಸುವ ಯುಎಸ್‌ಬಿ ಟೋಕನ್, ಶಿಕ್ಷಕರ ಪೆನ್‌ಡ್ರೈವ್, ಪ್ರೊಜೆಕ್ಟರಿನ ಕೇಬಲ್, ಬೆರಳಚ್ಚು ಓದುವ ಯಂತ್ರ, ಇವೆಲ್ಲವೂ ಒಂದು ತಂತಿಯ ತುದಿಯಲ್ಲಿ ನಿಂತು ಜಾಗ ಕೇಳುತ್ತವೆ. ಜಾಗವಿಲ್ಲದಿದ್ದರೆ ಎಷ್ಟೇ ದುಬಾರಿಯಾದರೂ ಆ ಟ್ಯಾಬ್ಲೆಟ್ ಬರಿಯ ತೆರೆಯಾಗಿ ಉಳಿಯುತ್ತದೆ.

ಈ ಪಟ್ಟಿಯ ಕೊನೆಯದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಪಿಂಚಣಿದಾರರ ಡಿಜಿಟಲ್ ಜೀವಿತ ಪ್ರಮಾಣಪತ್ರದ ಯೋಜನೆಯಾದ ಜೀವನ್ ಪ್ರಮಾಣ್ 2014ರ ನವೆಂಬರಿನಲ್ಲಿ ಆರಂಭವಾಯಿತು. ಅಂದಿನಿಂದ ಪ್ರತಿ ನವೆಂಬರಿನಲ್ಲಿ ನಮ್ಮ ಹಿರಿಯರು ಬ್ಯಾಂಕಿನಲ್ಲೋ, ವಸತಿ ಸಂಕೀರ್ಣದ ಕಚೇರಿಯಲ್ಲಿ ನಡೆಯುವ ಶಿಬಿರದಲ್ಲೋ ಕುಳಿತು ಹೆಬ್ಬೆರಳು ಒತ್ತುವುದು ವಾಡಿಕೆಯಾಗಿದೆ. ಮೇಜಿನ ಮೇಲೆ ಒಂದು ಟ್ಯಾಬ್, ಅದಕ್ಕೆ ಗೇಣುದ್ದದ ಒಟಿಜಿ ಕೇಬಲ್, ಅದರ ತುದಿಗೆ ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡದಾದ ಸ್ಕ್ಯಾನರ್. ಸ್ಕ್ಯಾನರಿನ ಗಾಜಿನಡಿ ಕೆಂಪು ಬೆಳಕು ಹೊತ್ತಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಆ ಬೆಳಕು ಹೊತ್ತಬೇಕಾದರೆ ಎರಡು ಸಂಗತಿ ನಡೆಯಬೇಕು. ಮೊದಲನೆಯದಾಗಿ, ಸಾಮಾನ್ಯವಾಗಿ ಚಾರ್ಜರಿನಿಂದ ವಿದ್ಯುತ್ತನ್ನು ತೆಗೆದುಕೊಳ್ಳುವ ಪೋರ್ಟ್ ಈಗ ತನ್ನ ಬ್ಯಾಟರಿಯಿಂದ 5 ವೋಲ್ಟ್ ವಿದ್ಯುತ್ತನ್ನು ಹೊರಗೆ ಕೊಡಬೇಕು. ಎರಡನೆಯದಾಗಿ, ಜೋಡಿಸಿಕೊಂಡ ಸಾಧನವನ್ನು ‘ನೀನು ಯಾರು, ನಿನಗೆ ಎಷ್ಟು ವಿದ್ಯುತ್ ಬೇಕು’ ಎಂದು ವಿಚಾರಿಸುವ ಯಜಮಾನಿಕೆಯನ್ನು ಟ್ಯಾಬ್ಲೆಟ್ ವಹಿಸಿಕೊಳ್ಳಬೇಕು. ಇದನ್ನು ತಂತ್ರಜ್ಞರು ಹೋಸ್ಟ್ ಎನ್ನುತ್ತಾರೆ. ಸಣ್ಣ ಸಾಧನಗಳೂ ಅಗತ್ಯ ಬಿದ್ದಾಗ ಹೋಸ್ಟ್ ಆಗಬಹುದು ಎಂಬ ಏರ್ಪಾಡನ್ನು 2001ರಲ್ಲಿಯೇ ಯುಎಸ್‌ಬಿ ನಿಯಮಾವಳಿಗೆ ಸೇರಿಸಲಾಯಿತು. ಅದೇ ಆನ್-ದಿ-ಗೋ, ನಾವು ಒಟಿಜಿ ಎಂದು ಕರೆಯುವುದು. ಆದರೆ ಅದು ಐಚ್ಛಿಕ. ತಯಾರಕನು ಅದನ್ನು ಕೈಬಿಟ್ಟಿದ್ದರೆ ಕಿಂಡಿ ಇರುತ್ತದೆ, ಕೇಬಲ್ ಕೂರುತ್ತದೆ, ಬೆಳಕು ಮಾತ್ರ ಹೊತ್ತುವುದಿಲ್ಲ. ಮುಖವನ್ನು ನೋಡಿ ಗುರುತಿಸುವ ಸೌಲಭ್ಯ 2021ರಲ್ಲಿ ಬಂದಿದ್ದು ಬೆರಳ ಗೆರೆ ಸವೆದ ಹಿರಿಯರಿಗೆ ದೊಡ್ಡ ಉಪಕಾರವಾಗಿದೆ. ಆದರೂ ಬೆರಳಚ್ಚನ್ನು ಅವಲಂಬಿಸಿದ ಸೇವೆಗಳು ಇನ್ನೂ ಹಲವಾರು ಇವೆ. ಹಳ್ಳಿಯಲ್ಲಿ ಬ್ಯಾಂಕಿನ ಪರವಾಗಿ ವ್ಯವಹಾರ ನಡೆಸುವ ಬ್ಯಾಂಕ್ ಮಿತ್ರನ ಕೈಯಲ್ಲಿರುವ ಯಂತ್ರದ ಕೆಲಸವೂ ಇದೇ ಬಗೆಯದು.

ಪ್ರಮಾಣಿತ ಪೋರ್ಟ್ ಇಲ್ಲದ ಟ್ಯಾಬ್ಲೆಟ್ ಬಂದದ್ದು ಹೇಗೆ ಎಂಬುದನ್ನು ಸ್ಮರಿಸಿಕೊಳ್ಳುವುದು ಉಚಿತ. 2010ರ ಜನವರಿಯಲ್ಲಿ ಆಪಲ್ ಕಂಪನಿ ಐಪ್ಯಾಡನ್ನು ಪರಿಚಯಿಸಿದಾಗ ಅದರಲ್ಲಿ ಯುಎಸ್‌ಬಿ ಪೋರ್ಟ್ ಇರಲಿಲ್ಲ, ಮೆಮೊರಿ ಕಾರ್ಡಿಗೆ ಸ್ಥಳವಿರಲಿಲ್ಲ. ಇದ್ದದ್ದು ಆ ಕಂಪನಿಯದೇ ಆದ 30 ಪಿನ್ನುಗಳ ಅಗಲವಾದ ಜೋಡಣೆ. ಕ್ಯಾಮೆರಾದ ಚಿತ್ರಗಳನ್ನು ಇಳಿಸಿಕೊಳ್ಳಬೇಕೆನ್ನುವವರು ಎರಡು ತುಂಡುಗಳ ಒಂದು ಕಿಟ್ಟನ್ನು ಪ್ರತ್ಯೇಕವಾಗಿ ಕೊಳ್ಳಬೇಕಿತ್ತು, ಒಂದು ಯುಎಸ್‌ಬಿಗೆ, ಇನ್ನೊಂದು ಎಸ್‌ಡಿ ಕಾರ್ಡಿಗೆ. ಹೆಚ್ಚು ವಿದ್ಯುತ್ ಬೇಡುವ ಸಾಧನವನ್ನು ಜೋಡಿಸಿದರೆ ‘ಇದಕ್ಕೆ ವಿದ್ಯುತ್ ಹೆಚ್ಚು ಬೇಕು’ ಎಂಬ ಸೂಚನೆ ತೆರೆಯ ಮೇಲೆ ಬಂದು ಕೆಲಸ ಅಲ್ಲಿಗೆ ನಿಲ್ಲುತ್ತಿತ್ತು. ಅದೇ ವರ್ಷ ಬಂದ ಸ್ಯಾಮ್‌ಸಂಗ್ ಗ್ಯಾಲಕ್ಸಿ ಟ್ಯಾಬ್ ಕೂಡ ತನ್ನದೇ ಆದ ಬೇರೊಂದು ಜೋಡಣೆಯನ್ನು ತಂದಿತು. ಎರಡೂ ನೋಡಲು ಒಂದೇ ತೆರ, ಒಂದಕ್ಕೆ ಇನ್ನೊಂದು ಹೊಂದುತ್ತಿರಲಿಲ್ಲ. 2012ರಲ್ಲಿ ಆಪಲ್ ತನ್ನ ಹಳೆಯ ಜೋಡಣೆಯನ್ನು ಬಿಟ್ಟು ಲೈಟ್ನಿಂಗ್ ಎಂಬ ಹೊಸದನ್ನು ತಂದಾಗ ಅದುವರೆಗೆ ಜನ ಕೊಂಡಿದ್ದ ಕೇಬಲ್ಲುಗಳು ಮೂಲೆ ಸೇರಿದವು. ಆ ಕಂಪನಿಯ ಐಪ್ಯಾಡ್ ಪ್ರೊಗೆ ಟೈಪ್-ಸಿ ಬಂದದ್ದು 2018ರಲ್ಲಿ, ಸಾಮಾನ್ಯ ಜನ ಕೊಳ್ಳುವ ಮೂಲ ಐಪ್ಯಾಡಿಗೆ ಬಂದದ್ದು 2022ರಲ್ಲಿ. ಮೊದಲ ಐಪ್ಯಾಡಿನಿಂದ ಎಣಿಸಿದರೆ ಹನ್ನೆರಡು ವರ್ಷ.

ಇದೇ ಅವಧಿಯಲ್ಲಿ ಬೇರೆ ದಾರಿಯೂ ಇತ್ತು ಎಂಬುದನ್ನು ಮರೆಯಬಾರದು. 2011ರಲ್ಲಿ ಬಂದ ಏಸರ್ ಐಕೋನಿಯಾ ಎ500 ಮತ್ತು ತೋಷಿಬಾ ಥ್ರೈವ್ ಟ್ಯಾಬ್ಲೆಟ್‌ಗಳಲ್ಲಿ ಪೆನ್‌ಡ್ರೈವ್ ನೇರವಾಗಿ ಕೂರುವ ಪೂರ್ಣ ಗಾತ್ರದ ಯುಎಸ್‌ಬಿ ಇತ್ತು. 2012ರ ಮೈಕ್ರೋಸಾಫ್ಟ್ ಸರ್ಫೇಸ್‌ನಲ್ಲೂ ಇತ್ತು. ಎಲ್ಲಕ್ಕಿಂತ ಮುಖ್ಯವಾಗಿ, ನಮ್ಮ ದೇಶದಲ್ಲಿ 2011ರ ಅಕ್ಟೋಬರ್ 5ರಂದು ವಿದ್ಯಾರ್ಥಿಗಳಿಗಾಗಿ ಬಿಡುಗಡೆಯಾದ ಆಕಾಶ್ ಟ್ಯಾಬ್ಲೆಟ್ಟಿನಲ್ಲಿ ಎರಡು ಪೂರ್ಣ ಗಾತ್ರದ ಯುಎಸ್‌ಬಿ ಪೋರ್ಟ್‌ಗಳಿದ್ದವು. ಆ ಯೋಜನೆಯ ಎರಡನೆಯ ಹಂತವನ್ನು ಮುನ್ನಡೆಸಿದ್ದು ಇಲ್ಲೇ ಪವಾಯಿಯಲ್ಲಿರುವ ಐಐಟಿ. ಮೊದಲ ಆಕಾಶ್‌ನ ಪ್ರೊಸೆಸರ್ ಮಂದ, ತೆರೆ ಗಟ್ಟಿಯಾಗಿ ಒತ್ತಿದರೆ ಮಾತ್ರ ಓಗೊಡುವಂಥದು. ಈ ಟೀಕೆಗಳನ್ನೆಲ್ಲ ನಾನು ಒಪ್ಪುತ್ತೇನೆ. ಆದರೆ ಸರಕಾರಕ್ಕೆ ಎರಡು ಸಾವಿರದ ಚಿಲ್ಲರೆ ರೂಪಾಯಿಗೆ ಬಿದ್ದ ಟ್ಯಾಬ್ಲೆಟ್ಟಿಗೆ ಎರಡು ಪೋರ್ಟ್ ಕೊಡಲು ಸಾಧ್ಯವಾಗಿತ್ತು ಎಂಬ ಸಂಗತಿಯನ್ನು ಗಮನಿಸಿ. ಪೋರ್ಟ್ ಇಟ್ಟರೆ ಬೆಲೆ ಏರುತ್ತದೆ ಎಂಬ ವಾದ ಅಲ್ಲಿಯೇ ಬಿದ್ದುಹೋಯಿತು.

ಉಳಿದದ್ದು ತೆಳುವಿನ ವಾದ. ಮೊದಲ ಐಪ್ಯಾಡಿನ ದಪ್ಪ 13.4 ಮಿಲಿಮೀಟರ್. ಹಳೆಯ ಚಪ್ಪಟೆ ಯುಎಸ್‌ಬಿ ಪ್ಲಗ್ಗಿನ ದಪ್ಪ 4.5 ಮಿಲಿಮೀಟರ್; ಅದನ್ನು ಕೂರಿಸುವ ಸಾಕೆಟ್ಟಿಗೆ ಇನ್ನಷ್ಟು ಬೇಕೆಂದರೂ ಅಷ್ಟು ಜಾಗ ಅಲ್ಲಿತ್ತು. ಮರುವರ್ಷದ ಐಪ್ಯಾಡ್ 2 ಅನ್ನು 8.8 ಮಿಲಿಮೀಟರಿಗೆ ಇಳಿಸಿದಾಗ ಈ ವಾದಕ್ಕೆ ಸ್ವಲ್ಪ ಬಲ ಬಂತು ಎಂದು ಒಪ್ಪೋಣ. 2014ರ ಆಗಸ್ಟಿನಲ್ಲಿ ಟೈಪ್-ಸಿ ನಿಯಮಾವಳಿ ಪ್ರಕಟವಾದ ಮೇಲೆ ಆ ಬಲವೂ ಉಳಿಯಲಿಲ್ಲ. ಸುಮಾರು ಎರಡೂವರೆ ಮಿಲಿಮೀಟರ್ ಎತ್ತರದ ಬಾಯಿಯೊಳಗೆ 24 ಪಿನ್ನುಗಳು, ಯಾವ ಕಡೆಯಿಂದ ಚುಚ್ಚಿದರೂ ಕೂರುವ ಸೌಲಭ್ಯ. 2024ರಲ್ಲಿ ಬಂದ 5.1 ಮಿಲಿಮೀಟರ್ ದಪ್ಪದ ಐಪ್ಯಾಡ್ ಪ್ರೊ ಸಹ ಅದನ್ನು ಹೊತ್ತುಕೊಂಡೇ ಬಂದಿದೆ.

ನಮ್ಮಲ್ಲಿ ವಯಸ್ಸಾದವರಿಗೆ ಮಿರಜ್ ರೈಲು ಜಂಕ್ಷನ್ ನೆನಪಿರಬಹುದು. ಹುಬ್ಬಳ್ಳಿ, ಬೆಳಗಾವಿಯ ಕಡೆಯಿಂದ ಮೀಟರ್ ಗೇಜ್ ರೈಲಿನಲ್ಲಿ ಬಂದವರು ಅಲ್ಲಿ ಟ್ರಂಕು, ಹಾಸಿಗೆ ಸುರುಳಿ, ಮಕ್ಕಳನ್ನೆಲ್ಲ ಇಳಿಸಿಕೊಂಡು, ಮುಂಬಯಿಗೆ ಹೋಗುವ ಬ್ರಾಡ್ ಗೇಜ್ ರೈಲಿಗೆ ಹತ್ತಿಸಬೇಕಿತ್ತು. ಎರಡೂ ಹಳಿಗಳೇ, ಎರಡೂ ಗಟ್ಟಿಯೇ. ಆದರೆ ಒಂದರ ಗಾಡಿ ಇನ್ನೊಂದರ ಮೇಲೆ ಓಡದು. 1992ರಲ್ಲಿ ಹಳಿಗಳನ್ನು ಒಂದೇ ಅಗಲಕ್ಕೆ ತರುವ ಯುನಿಗೇಜ್ ಯೋಜನೆ ಆರಂಭವಾಗಿ, ಮುಂದೆ ಆ ಮಾರ್ಗವೂ ಪರಿವರ್ತನೆಗೊಂಡ ಮೇಲೆ ಆ ಇಳಿದು ಹತ್ತುವ ಪಾಡು ತಪ್ಪಿತು. ಖಾಸಗಿ ಪೋರ್ಟ್‌ಗಳ ಕಾಲದಲ್ಲಿ ನಾವು ಕೊಳ್ಳುತ್ತಿದ್ದ ಅಡಾಪ್ಟರುಗಳೆಲ್ಲ ಮಿರಜ್‌ನ ಆ ಪ್ಲಾಟ್‌ಫಾರ್ಮಿನ ಕೂಲಿಗೆ ತೆತ್ತ ಹಣ ಎಂದೇ ನಾನು ಭಾವಿಸುತ್ತೇನೆ.

ಈ ಬದಲಾವಣೆ ಕಂಪನಿಗಳ ಮನಸ್ಸಿನಿಂದ ಮಾತ್ರ ಬಂದದ್ದಲ್ಲ. ಯುರೋಪಿನ ಒಕ್ಕೂಟ 2022ರಲ್ಲಿ ಕಾನೂನು ಮಾಡಿ, 2024ರ ಡಿಸೆಂಬರ್ 28ರಿಂದ ಅಲ್ಲಿ ಮಾರಾಟವಾಗುವ ಹೊಸ ಫೋನು, ಟ್ಯಾಬ್ಲೆಟ್, ಕ್ಯಾಮೆರಾ ಮೊದಲಾದವುಗಳಿಗೆ ಟೈಪ್-ಸಿ ಚಾರ್ಜಿಂಗ್ ಪೋರ್ಟನ್ನು ಕಡ್ಡಾಯಗೊಳಿಸಿತು. ಬಳಸದೆ ಬಿಟ್ಟ ಮತ್ತು ಎಸೆದ ಚಾರ್ಜರುಗಳಿಂದ ವರ್ಷಕ್ಕೆ 11,000 ಟನ್ ಇ-ತ್ಯಾಜ್ಯವಾಗುತ್ತದೆ ಎಂಬ ಅಂದಾಜು ಆ ಕಾನೂನಿನ ಹಿಂದಿತ್ತು. ನಮ್ಮ ಭಾರತೀಯ ಮಾನಕ ಬ್ಯೂರೋ ಕೂಡ ಟೈಪ್-ಸಿ ಕುರಿತ ಮಾನಕವನ್ನು 2023ರ ಜನವರಿಯಲ್ಲಿ ಪ್ರಕಟಿಸಿದೆ. ಇವೆರಡನ್ನೂ ನಾನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ಯುರೋಪಿನ ಕಾನೂನನ್ನು ಗಮನವಿಟ್ಟು ಓದಿದರೆ ಅದು ಮಾತನಾಡುವುದು ಚಾರ್ಜಿಂಗಿನ ಬಗ್ಗೆ. ಅದೇ ಕಿಂಡಿಯಿಂದ ದತ್ತಾಂಶ ಎಷ್ಟು ವೇಗವಾಗಿ ಹರಿಯಬೇಕು, ಹೊರಗಿನ ಸಾಧನವನ್ನು ಅದು ನಡೆಸಬೇಕೇ, ಪ್ರೊಜೆಕ್ಟರಿಗೆ ಚಿತ್ರ ಕಳಿಸಬೇಕೇ ಎಂಬುದನ್ನು ತಯಾರಕನ ವಿವೇಚನೆಗೆ ಬಿಟ್ಟಿದೆ.

ಇದರ ಪರಿಣಾಮವನ್ನು ಲೆಕ್ಕ ಹಾಕಿ ನೋಡಬಹುದು. 2022ರ ಮೂಲ ಐಪ್ಯಾಡಿನಲ್ಲಿ ಟೈಪ್-ಸಿ ಕಿಂಡಿ ಇದೆ, ಆದರೆ ಅದರ ಹಿಂದಿರುವುದು 2000ನೆಯ ಇಸವಿಯ ಯುಎಸ್‌ಬಿ 2.0, ಅಂದರೆ ಸೆಕೆಂಡಿಗೆ ಹೆಚ್ಚೆಂದರೆ 480 ಮೆಗಾಬಿಟ್. ಮಕ್ಕಳ ಯಕ್ಷಗಾನ ಪ್ರದರ್ಶನವನ್ನು ಚಿತ್ರೀಕರಿಸಿದ 32 ಜಿಬಿ ಕಡತವನ್ನು ಸಾಗಿಸಬೇಕೆಂದರೆ, ನಷ್ಟವೇ ಇಲ್ಲವೆಂದು ಹಿಡಿದರೂ ಸುಮಾರು ಒಂಬತ್ತು ನಿಮಿಷ. ವಾಸ್ತವದಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು. ಸೆಕೆಂಡಿಗೆ 10 ಗಿಗಾಬಿಟ್ ಸಾಮರ್ಥ್ಯದ ಪೋರ್ಟಿನಲ್ಲಿ ಅದೇ ಲೆಕ್ಕ ಅರ್ಧ ನಿಮಿಷದೊಳಗೆ ಮುಗಿಯುತ್ತದೆ. ಎರಡೂ ಕಿಂಡಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಕಣ್ಣಿಗೆ ವ್ಯತ್ಯಾಸವೇ ಕಾಣದು. ಕೇಬಲ್ಲುಗಳ ಕಥೆಯೂ ಇಷ್ಟೇ. ಬರೀ ಚಾರ್ಜಿಂಗಿಗೆ ಮತ್ತು ನಿಧಾನದ ದತ್ತಾಂಶಕ್ಕೆ ಮಾಡಿದ ಕೇಬಲ್ಲೂ, ಹೈ-ಸ್ಪೀಡ್ ಕೇಬಲ್ಲೂ ಒಂದೇ ತಲೆಯನ್ನು ಹೊತ್ತಿರುತ್ತವೆ.

ಇನ್ನೂ ಸಣ್ಣದೊಂದು ಸಂಗತಿ ಹೇಳುತ್ತೇನೆ. ಸಣ್ಣದಾದರೂ ಬಹಳ ತೊಂದರೆ ಕೊಡುವಂಥದು. ಅಗ್ಗದ ಕೆಲವು ಟ್ಯಾಬ್‌ಗಳು ಡಬ್ಬಿಯಲ್ಲಿ ಬಂದ, ಒಂದು ತುದಿ ಹಳೆಯ ಚಪ್ಪಟೆ ಆಕಾರದ ಕೇಬಲ್ಲಿನಿಂದ ಮಾತ್ರ ಚಾರ್ಜ್ ಆಗುತ್ತವೆ; ಎರಡೂ ತುದಿ ಟೈಪ್-ಸಿ ಇರುವ ಒಳ್ಳೆಯ ಚಾರ್ಜರಿಗೆ ಹಾಕಿದರೆ ಸತ್ತಂತೆ ಬಿದ್ದಿರುತ್ತವೆ. ಗ್ರಾಂಟ್ ರೋಡ್ ಸ್ಟೇಷನ್ನಿನ ಪೂರ್ವಕ್ಕಿರುವ ಲ್ಯಾಮಿಂಗ್ಟನ್ ರಸ್ತೆಯ ರಿಪೇರಿ ಅಂಗಡಿಗಳಲ್ಲಿ ಇದನ್ನು ಕೇಳಿದರೆ ‘ಸಿಸಿ ಪಿನ್ ನೋಡಬೇಕು’ ಎನ್ನುತ್ತಾರೆ. ಟೈಪ್-ಸಿ ಚಾರ್ಜರು ಸುಮ್ಮಸುಮ್ಮನೆ ವಿದ್ಯುತ್ ಹರಿಸುವುದಿಲ್ಲ. ಎದುರಿಗೆ ವಿದ್ಯುತ್ ಬೇಡುವ ಸಾಧನವಿದೆ ಎಂದು ಖಚಿತಪಡಿಸಿಕೊಂಡೇ ಕೊಡುತ್ತದೆ. ಆ ಗುರುತನ್ನು ನೀಡುವುದು ಟ್ಯಾಬ್‌ನ ಒಳಗೆ ಎರಡು ಸಿಸಿ ಪಿನ್ನುಗಳಿಗೆ ಒಂದೊಂದರಂತೆ ಜೋಡಿಸಬೇಕಾದ 5.1 ಕಿಲೋ-ಓಮ್‌ನ ರೆಸಿಸ್ಟರುಗಳು. ಎಳ್ಳಿನ ಕಾಳಿಗಿಂತ ಚಿಕ್ಕದಾದ, ಕೆಲವೇ ಪೈಸೆ ಬೆಲೆಯ ಆ ಎರಡು ಬಿಡಿಭಾಗಗಳನ್ನು ಉಳಿಸಿದ ಟ್ಯಾಬ್‌ಗೆ ಟೈಪ್-ಸಿಯ ಆಕಾರವಿದೆ, ಟೈಪ್-ಸಿಯ ನಡತೆ ಇಲ್ಲ. ಮಾನಕ ಎಂಬುದು ಕಾಗದದ ಮೇಲಿದ್ದು ಪರೀಕ್ಷೆ ಇಲ್ಲದಿದ್ದರೆ ಆಗುವುದು ಇದು.

ಈಗ ಪೋರ್ಟ್‌ಗಳ ಸಂಖ್ಯೆಯ ವಿಚಾರ. ಮುಂಬಯಿಯ ಉಡುಪಿ ಹೊಟೇಲುಗಳಲ್ಲಿ ಈಗ ಆರ್ಡರನ್ನು ಟ್ಯಾಬ್‌ನಲ್ಲಿ ಬರೆದುಕೊಳ್ಳುವುದು ಹೊಸದೇನಲ್ಲ. ಟೇಬಲ್ಲಿನ ಬಳಿ ಒತ್ತಿದ ಆರ್ಡರ್ ಅಡುಗೆಮನೆಯಲ್ಲಿ ಕೆಒಟಿ, ಅಂದರೆ ಅಡುಗೆಯವರಿಗಾಗಿ ಇರುವ ಆರ್ಡರ್ ಚೀಟಿಯಾಗಿ ಹೊರಬರಬೇಕು, ಗಲ್ಲಾದಲ್ಲಿ ಬಿಲ್ಲಾಗಬೇಕು. ಗಲ್ಲಾದ ಟ್ಯಾಬ್ ಬೆಳಿಗ್ಗೆ ಬಾಗಿಲು ತೆಗೆದಾಗಿನಿಂದ ರಾತ್ರಿ ಷಟರ್ ಎಳೆಯುವವರೆಗೆ ಉರಿಯುತ್ತಿರಬೇಕಾದ್ದರಿಂದ ಅದಕ್ಕೆ ಚಾರ್ಜರ್ ಹಚ್ಚಿಯೇ ಇಡಬೇಕು. ಒಂದೇ ಪೋರ್ಟ್ ಇದ್ದರೆ ಅದು ಅಲ್ಲಿಗೆ ಮುಗಿಯಿತು. ಪ್ರಿಂಟರನ್ನು ಬ್ಲೂಟೂತಿಗೆ ಒಪ್ಪಿಸಬೇಕು. ಮಧ್ಯಾಹ್ನದ ಊಟದ ಹೊತ್ತಿಗೆ, ಪ್ರತಿಯೊಬ್ಬ ಗಿರಾಕಿಯ ಜೇಬಿನಲ್ಲೂ ಒಂದೊಂದು ಫೋನ್, ಪಕ್ಕದ ಅಂಗಡಿಗಳ ವೈಫೈ, ಮೈಕ್ರೋವೇವ್ ಒಲೆ, ಇವೆಲ್ಲವೂ ಅದೇ 2.4 ಗಿಗಾಹರ್ಟ್ಸ್ ಸುತ್ತಿನ ತರಂಗಾಂತರದಲ್ಲಿ ಕಿಕ್ಕಿರಿದಿರುವಾಗ ಬ್ಲೂಟೂತ್ ಪ್ರಿಂಟರ್ ಕೈಕೊಟ್ಟರೆ ಅಚ್ಚರಿಪಡಬೇಕಾಗಿಲ್ಲ. ಎರಡನೆಯ ಪೋರ್ಟ್ ಇದ್ದಿದ್ದರೆ ಒಂದು ತಂತಿ ಈ ಕೆಲಸವನ್ನು ವರ್ಷಗಟ್ಟಲೆ ಸದ್ದಿಲ್ಲದೆ ಮಾಡುತ್ತಿತ್ತು. ಒಂದು ಕಿಂಡಿಯನ್ನು ಹಲವು ಮಾಡುವ ಹಬ್ ಹಾಕಿಕೊಳ್ಳಬಹುದಲ್ಲ ಎನ್ನುವವರಿದ್ದಾರೆ. ಹಾಕಿಕೊಳ್ಳಬಹುದು, ಆದರೆ ಚಾರ್ಜ್ ಆಗುತ್ತಲೇ ಹೋಸ್ಟ್ ಆಗಿಯೂ ಇರುವ ಸಾಮರ್ಥ್ಯ ಟ್ಯಾಬ್‌ನಲ್ಲಿ ಇರಬೇಕು, ಹಬ್‌ನಲ್ಲೂ ಇರಬೇಕು, ಎರಡೂ ಐಚ್ಛಿಕವೇ. ದುಡಿಮೆಯ ಟ್ಯಾಬ್ಲೆಟ್ಟಿಗೆ ಎರಡು ಪೋರ್ಟ್ ಕನಿಷ್ಠ ಎಂಬುದು ನನ್ನ ಖಚಿತ ಅಭಿಪ್ರಾಯ.

ಎದುರು ಪಕ್ಷದ ಮಾತುಗಳಲ್ಲಿ ನಾನು ಗೌರವದಿಂದ ಕೇಳುವುದು ಎರಡನ್ನು. ಒಂದು ಸುರಕ್ಷತೆಯದು: ಕಿಂಡಿ ಇದ್ದಲ್ಲಿ ಕಳ್ಳನೂ ಬರುತ್ತಾನೆ, ಸೋಂಕಿರುವ ಪೆನ್‌ಡ್ರೈವ್ ಬರುತ್ತದೆ, ಅಪರಿಚಿತ ಚಾರ್ಜಿಂಗ್ ಕೇಂದ್ರದಿಂದ ದತ್ತಾಂಶ ಕದಿಯಬಹುದು ಎಂಬುದು. ಇದು ಸುಳ್ಳು ಭಯವಲ್ಲ. ಆದರೆ ಇದಕ್ಕೆ ತಂತ್ರಾಂಶದಲ್ಲಿ ಪರಿಹಾರವಿದೆ, ಅದು ಬಂದೂ ಆಗಿದೆ. ಕೇಬಲ್ ಹಾಕಿದ ಕೂಡಲೇ ಚಾರ್ಜಿಂಗ್ ಮಾತ್ರ ನಡೆದು, ದತ್ತಾಂಶಕ್ಕೆ ಒಡೆಯನ ಅನುಮತಿ ಕೇಳುವ ಪದ್ಧತಿ ಆಂಡ್ರಾಯ್ಡ್‌ನಲ್ಲಿ 2015ರಿಂದ ಇದೆ. ಬೀಗ ಹಾಕಿ ಒಂದು ಗಂಟೆ ಕಳೆದ ಮೇಲೆ ಪೋರ್ಟಿನ ದತ್ತಾಂಶದ ದಾರಿಯನ್ನು ಮುಚ್ಚುವ ಏರ್ಪಾಡನ್ನು ಆಪಲ್ 2018ರಲ್ಲಿ ತಂದಿತು. ಇನ್ನೊಂದು, ಪೋರ್ಟ್ ಬೇಗ ಕೆಡುತ್ತದೆ ಎಂಬುದು. ನಮ್ಮ ಊರಿನಲ್ಲಿ ಇದಕ್ಕೆ ಹೆಚ್ಚಿನ ಅರ್ಥವಿದೆ. ಸಮುದ್ರದ ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ, ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ಒದ್ದೆಯಾದ ಚೀಲ. ಪಿನ್ನಿನ ಮೇಲೆ ಹಸಿರು ಕಿಲುಬು ಹಿಡಿಯಲು ಇಷ್ಟು ಸಾಕು. ಟೈಪ್-ಸಿಯನ್ನು ಹತ್ತು ಸಾವಿರ ಬಾರಿ ಹಾಕಿ ತೆಗೆಯಲು ರೂಪಿಸಿದ್ದರೂ ಕಿಲುಬಿಗೆ ಆ ಲೆಕ್ಕ ಅನ್ವಯಿಸುವುದಿಲ್ಲ. ಇದಕ್ಕೆ ಉತ್ತರ ಪೋರ್ಟನ್ನು ತೆಗೆದುಹಾಕುವುದರಲ್ಲಿಲ್ಲ, ಅದನ್ನು ಬದಲಾಯಿಸಲು ಬರುವಂತೆ ಕೂರಿಸುವುದರಲ್ಲಿದೆ. ಪೋರ್ಟನ್ನು ಮುಖ್ಯ ಬೋರ್ಡಿಗೇ ಬೆಸೆದಿದ್ದರೆ ಹಾಟ್ ಏರ್ ಗನ್ ಹಿಡಿದು, ಸುತ್ತಲಿನ ಬಿಡಿಭಾಗಗಳು ಸುಡದಂತೆ ಕಾಪಾಡುತ್ತ 24 ಪಿನ್ನುಗಳನ್ನು ಬಿಡಿಸಿ ಮತ್ತೆ ಬೆಸೆಯಬೇಕು. ರಿಪೇರಿಯವರು ಸಿಸಿ ಬೋರ್ಡ್ (ಚಾರ್ಜಿಂಗ್ ಕನೆಕ್ಟರ್ ಬೋರ್ಡ್; ಹಿಂದೆ ಹೇಳಿದ ಸಿಸಿ ಪಿನ್ ಬೇರೆ) ಎಂದು ಕರೆಯುವ ಸಣ್ಣ ಪ್ರತ್ಯೇಕ ಫಲಕದ ಮೇಲಿದ್ದರೆ ಎರಡು ಸ್ಕ್ರೂ, ಒಂದು ಪಟ್ಟಿಯಂಥ ಕೇಬಲ್ ಬಿಚ್ಚಿ ಹೊಸದನ್ನು ಹಾಕಿದರಾಯಿತು. ಹಾಗೆ ರೂಪಿಸಬೇಕೆಂದು ಕೇಳುವುದು ಕೊಳ್ಳುವವರ ಹಕ್ಕು.

ಇಯರ್‌ಫೋನಿನ 3.5 ಮಿಲಿಮೀಟರ್ ಜ್ಯಾಕಿನ ಬಗ್ಗೆ ಒಂದು ಮಾತು. ಅದನ್ನು ಹಳೆಯ ಕಾಲದ್ದೆಂದು ತೆಗೆದುಹಾಕುತ್ತಿದ್ದಾರೆ. ತರಗತಿಯ ಕೋಣೆಯಲ್ಲಿ ನಲವತ್ತು ಮಕ್ಕಳು, ನಲವತ್ತು ಟ್ಯಾಬ್. ನಲವತ್ತು ಬ್ಲೂಟೂತ್ ಹೆಡ್‌ಫೋನುಗಳನ್ನು ಚಾರ್ಜ್ ಮಾಡಿ, ಯಾವುದು ಯಾರಿಗೆ ಎಂದು ಜೋಡಿಸುವಷ್ಟರಲ್ಲಿ ಶಿಕ್ಷಕರ ಪೀರಿಯಡ್ಡು ಮುಗಿದಿರುತ್ತದೆ. ಶಾಲೆಗೆ ಕೊಡುವ ಟ್ಯಾಬ್‌ನಲ್ಲಿ ಈ ಜ್ಯಾಕ್ ಇರಲೇಬೇಕು. ಮೈಕ್ರೋ-ಎಸ್‌ಡಿ ಕಾರ್ಡಿನ ಸ್ಥಳದ ಬಗ್ಗೆಯೂ ನನ್ನ ಅಭಿಪ್ರಾಯ ಅದೇ, ಏಕೆಂದರೆ ಇಂಟರ್‌ನೆಟ್ ಇಲ್ಲದ ಮನೆಗೆ ಪಾಠವನ್ನು ಕಳಿಸಲು ಅದಕ್ಕಿಂತ ಅಗ್ಗದ ದಾರಿ ಇಲ್ಲ.

ಮುಂಬಯಿ ಮಹಾನಗರಪಾಲಿಕೆ 2015ರಲ್ಲಿ ತನ್ನ ಶಾಲೆಗಳ ಎಂಟನೆಯ ತರಗತಿಯ ಮಕ್ಕಳಿಗೆ ಪಾಠಗಳನ್ನು ತುಂಬಿದ ಟ್ಯಾಬ್‌ಗಳನ್ನು ವಿತರಿಸಿದ್ದು ನಿಮಗೆಲ್ಲ ತಿಳಿದಿದೆ. ಇಷ್ಟು ದೊಡ್ಡ ಪ್ರಮಾಣದಲ್ಲಿ ಕೊಳ್ಳುವವರ ಕೈಯಲ್ಲಿ ತಯಾರಕರನ್ನು ತಿದ್ದುವ ಶಕ್ತಿ ಇರುತ್ತದೆ. ಸಾರ್ವಜನಿಕ ಖರೀದಿಯ ಟೆಂಡರಿನಲ್ಲಿ ‘ಟೈಪ್-ಸಿ ಪೋರ್ಟ್ ಇರಬೇಕು’ ಎಂದು ಬರೆದು ಬಿಡಬಾರದು. ಪೋರ್ಟ್ ಹೋಸ್ಟ್ ಆಗಿ ಕೆಲಸ ಮಾಡಬೇಕು, ಚಾರ್ಜ್ ಆಗುತ್ತಿರುವಾಗಲೂ ಮಾಡಬೇಕು, ಕನಿಷ್ಠ 500 ಮಿಲಿಆಂಪಿಯರ್ ಹೊರಗೆ ಕೊಡಬೇಕು, ದತ್ತಾಂಶದ ವೇಗವನ್ನು ಡಬ್ಬಿಯ ಮೇಲೆ ಅಚ್ಚಿಸಬೇಕು, ಎರಡೂ ತುದಿ ಟೈಪ್-ಸಿ ಇರುವ ಯಾವುದೇ ಪ್ರಮಾಣಿತ ಕೇಬಲ್ಲಿನಿಂದ ಚಾರ್ಜ್ ಆಗಬೇಕು, ಪೋರ್ಟ್ ಪ್ರತ್ಯೇಕ ಫಲಕದ ಮೇಲಿದ್ದು ಅದರ ಬಿಡಿಭಾಗ ಇಂತಿಷ್ಟು ವರ್ಷ ಸಿಗಬೇಕು, ಇವಿಷ್ಟನ್ನೂ ಸೇರಿಸಬೇಕು. ನಮ್ಮ ಸಂಘ ಸಂಸ್ಥೆಗಳು ನಡೆಸುವ ಶಾಲೆಗಳಿಗೆ, ರಾತ್ರಿ ಶಾಲೆಗಳಿಗೆ ದಾನಿಗಳು ಟ್ಯಾಬ್ ಕೊಡಿಸಲು ಮುಂದೆ ಬಂದಾಗಲೂ ಇದೇ ಷರತ್ತುಗಳನ್ನು ಅವರ ಮುಂದಿಡಬಹುದು; ಒಳ್ಳೆಯ ಮನಸ್ಸಿನಿಂದ ಕೊಡುವವರು ಇದಕ್ಕೆ ಬೇಸರಿಸುವುದಿಲ್ಲ.

ಒಂದೇ ಒಂದು ಟ್ಯಾಬ್ ಕೊಳ್ಳುವವರು ಅಂಗಡಿಗೆ ಹೋಗುವಾಗ ಮೂರು ವಸ್ತುಗಳನ್ನು ಒಯ್ಯಿರಿ: ಒಂದು ಪೆನ್‌ಡ್ರೈವ್, ಅದಕ್ಕೆ ಟೈಪ್-ಸಿ ಒಟಿಜಿ ತುಂಡು, ಎರಡೂ ತುದಿ ಟೈಪ್-ಸಿ ಇರುವ ಕೇಬಲ್ಲಿನೊಡನೆ ಒಂದು ಚಾರ್ಜರ್. ಪ್ರದರ್ಶನಕ್ಕಿಟ್ಟ ಟ್ಯಾಬ್‌ಗೆ ಮೊದಲು ಪೆನ್‌ಡ್ರೈವ್ ಹಾಕಿ ಅದರೊಳಗಿನ ಕಡತ ತೆರೆಯುತ್ತದೆಯೇ ನೋಡಿ, ನಂತರ ಆ ಕೇಬಲ್ಲಿನಿಂದ ಚಾರ್ಜ್ ಆಗುತ್ತದೆಯೇ ನೋಡಿ, ಆಮೇಲೆ ಹಣ ಕೊಡುವ ಮಾತಾಡಿ. ಮಾರುವವರು ಒಪ್ಪದಿದ್ದರೆ ಪಕ್ಕದ ಅಂಗಡಿಗೆ ಹೋಗಿ.